ಕಟ್ಟಿದ ಕೈಯೇ ಬಿಚ್ಚಬೇಕು

ನಮ್ಮ ದನದ ದವಾಖಾನೆಯ ಗೋಡೆಯಲ್ಲಿ, ಲಸಿಕೆ ಇಡುವ ಫ್ರಿಜ್ಜಿನ ಮೇಲುಗಡೆ, ಗಾಜು ಹಾಕಿಸಿದ ಒಂದು ಪ್ರಮಾಣಪತ್ರ ಇದೆ. ಕುದುರೆಗಳ ಸ್ನಾಯುನೋವಿಗೆ ಚಿಕಿತ್ಸೆಯ ಪಟ್ಟಿ ಹಚ್ಚುವುದರಲ್ಲಿ ನಾನು ಉನ್ನತ ತರಬೇತಿ ಮುಗಿಸಿದ್ದೇನೆ, ಅದೂ ಉತ್ತಮ ದರ್ಜೆಯಲ್ಲಿ, ಎಂದು ಅದು ಹೇಳುತ್ತದೆ. ಅದನ್ನು ಅಲ್ಲಿ ತೂಗುಹಾಕಿದವಳು ನಾನಲ್ಲ. ನಮ್ಮ ಕಾಂಪೌಂಡರ್ ಕಾಕಾ ನಾನು ರಜೆಯಲ್ಲಿದ್ದಾಗ ಅಭಿಮಾನದಿಂದ ಮೊಳೆ ಹೊಡೆದು ಹಾಕಿದ್ದು. ತೆಗೆಯಿರಿ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಹೋದರೆ ಅರ್ಧ ದಿನ ಬೇಕು. ಹೀಗಾಗಿ ಅದು ಅಲ್ಲೇ ಇದೆ. ಎಮ್ಮೆ ತಂದವರು, ಆಡು ತಂದವರು ಪಾಳಿ ಕಾಯುತ್ತಾ ಅದರಲ್ಲಿರುವ ಕುದುರೆಯ ಚಿತ್ರ ನೋಡುತ್ತಾರೆ. ನನಗೆ ಮಾತ್ರ ಅದನ್ನು ನೋಡಿದಾಗ ಕುದುರೆ ನೆನಪಾಗುವುದಿಲ್ಲ, ಒಬ್ಬ ಹೆಂಗಸಿನ ಕುತ್ತಿಗೆ ನೆನಪಾಗುತ್ತದೆ.

ನಾನು ಹುಟ್ಟಿ ಬೆಳೆದದ್ದು ಅಣ್ಣಿಗೇರಿಯಲ್ಲೇ. ನಮ್ಮ ದಾದಾ, ಅಂದರೆ ಅಪ್ಪನ ಅಪ್ಪ, ಸ್ಟೇಷನ್ನಿನಿಂದ ಊರೊಳಗೆ ಟಾಂಗಾ ಹೊಡೆಯುತ್ತಿದ್ದರು. ನನಗೆ ಬುದ್ಧಿ ಬರುವ ಹೊತ್ತಿಗೆ ಆಟೋಗಳು ಬಂದು ಕುದುರೆ ಮುದಿಯಾಗಿತ್ತು. ಅದು ಸತ್ತ ಮೇಲೆ ಟಾಂಗಾ ಹಿತ್ತಲಲ್ಲಿ ನಿಂತು, ಕೋಳಿಗಳು ಅದರ ಸೀಟಿನ ಮೇಲೆ ಮೊಟ್ಟೆ ಇಡತೊಡಗಿದವು. ದಾದಾ ದಿನಾ ಮುಂಜಾನೆ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು. ನಾನು ದನದ ಡಾಕ್ಟರಾಗುತ್ತೇನೆ ಅಂದಾಗ ಮನೆಯಲ್ಲಿ ಎಲ್ಲರೂ ಮುಖ ಗಂಟು ಹಾಕಿಕೊಂಡರೆ ಅವರೊಬ್ಬರೇ, "ಕುದುರೆ ನೋಡಲಿಕ್ಕೆ ಕಲಿ, ಉಳಿದದ್ದು ತಾನೇ ಬರುತ್ತದೆ," ಅಂದಿದ್ದರು. ಅವರ ಮಾತಿನಂತೆ ಉಳಿದದ್ದೆಲ್ಲ ಬಂತು, ಕುದುರೆ ಮಾತ್ರ ಬರಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಾನು ನೋಡಿದ್ದು ಎಮ್ಮೆಯ ಕೆಚ್ಚಲು, ಎತ್ತಿನ ಗೊರಸು, ಕುರಿಯ ಜಂತು. ಜನರು ನನ್ನನ್ನು ಡಾಕ್ಟರಬಾಯಿ ಅನ್ನುತ್ತಾರೆ. ಕುದುರೆಯ ಡಾಕ್ಟರ್ ಅಂತ ಯಾರೂ ಅನ್ನಲಿಲ್ಲ ಅನ್ನುವ ಒಂದು ಸಣ್ಣ ಕೊರಗು ಒಳಗೆ ಇದ್ದೇ ಇತ್ತು.

ಒಂದು ದಿನ ಫೋನಿನಲ್ಲಿ ಒಂದು ವಿಡಿಯೊ ಕಂಡೆ. ಎತ್ತರದ ಕಪ್ಪು ಕುದುರೆಯೊಂದರ ಬೆನ್ನ ಮೇಲೆ, ತೊಡೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳನ್ನು ಅಂಟಿಸಿದ್ದರು. ಆಟಗಾರರು ಮೊಣಕಾಲಿಗೆ ಹಚ್ಚಿಕೊಳ್ಳುತ್ತಾರಲ್ಲ, ಅದೇ ಪಟ್ಟಿ. ಸೂಜಿ ಇಲ್ಲ, ಔಷಧ ಇಲ್ಲ. ನನಗೆ ಹುಚ್ಚು ಹಿಡಿಯಿತು. ಮೊದಲ ಪಾಠಗಳನ್ನು ಫೋನಿನಲ್ಲೇ ಕಲಿತೆ. ಉನ್ನತ ತರಬೇತಿಗೆ ಪುಣೆಯ ಹೊರಗಿದ್ದ ಒಂದು ಲಾಯಕ್ಕೆ ಹೋಗಬೇಕಿತ್ತು. ಕೂಡಿಟ್ಟ ರಜೆಯನ್ನೆಲ್ಲ ಹಾಕಿ ಹೋದೆ.

ಆ ಲಾಯದ ಕುದುರೆಗಳ ಕಂಬಳಿ ನಮ್ಮ ಮನೆಯ ಅತಿಥಿಗಳಿಗೆ ಕೊಡುವ ಕಂಬಳಿಗಿಂತ ಚೆನ್ನಾಗಿತ್ತು. ಜೊತೆಗೆ ಕಲಿಯಲು ಬಂದವರೆಲ್ಲ ರೇಸಿನ ಕುದುರೆ, ಜಿಗಿತದ ಕುದುರೆ ನೋಡಿಕೊಳ್ಳುವವರು. ನಿಮ್ಮಲ್ಲಿ ಯಾವ ಕುದುರೆಗಳಿವೆ ಎಂದು ಕೇಳಿದರು. ಮದುವೆ ಮೆರವಣಿಗೆಯ ಬಿಳಿ ಕುದುರೆ ಮತ್ತು ಕುರಿಗಾರರು ಹೇರು ಹೊರಿಸುವ ತಟ್ಟು ಕುದುರೆ ಎಂದು ಹೇಳಲು ನಾಲಿಗೆ ಬರಲಿಲ್ಲ. ಕೆಲಸದ ಕುದುರೆಗಳು ಅಂದೆ. ಸುಳ್ಳಲ್ಲ, ಆದರೂ ಹೇಳುವಾಗ ಧ್ವನಿ ಸ್ವಲ್ಪ ದೊಡ್ಡದಾಯಿತು.

ಕಲಿಸುತ್ತಿದ್ದವರು ನರೆತ ಕೂದಲಿನ, ಕಟ್ಟುನಿಟ್ಟಿನ ಹೆಂಗಸು. ಪಟ್ಟಿಯನ್ನು ಹೆಚ್ಚು ಎಳೆದು ಹಚ್ಚಿದರೆ ಕೈಯ ಮೇಲೆ ಫಟ್ಟನೆ ಹೊಡೆಯುತ್ತಿದ್ದರು. ಅವರು ಹೇಳುತ್ತಿದ್ದುದು ಇಷ್ಟು: ಪಟ್ಟಿ ಗುಣಪಡಿಸುವುದಿಲ್ಲ. ಅದು ಚರ್ಮವನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ, ಉಳಿದದ್ದನ್ನು ಮೈ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೆ ಬಿಡುವು ಸಿಗಬೇಕು. ಇನ್ನೊಂದು ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ನೋವಿದ್ದ ಜಾಗಕ್ಕೆ ಪಟ್ಟಿ ಹಚ್ಚುವುದನ್ನು ಯಾರಾದರೂ ಕಲಿಯುತ್ತಾರೆ. ಒಂದು ಕಡೆ ನೋವಾದರೆ ಮೈ ತನ್ನ ಭಾರವನ್ನು ಇನ್ನೊಂದು ಕಡೆಗೆ ದಾಟಿಸುತ್ತದೆ; ಆ ಭಾರ ಎಲ್ಲಿಗೆ ಹೋಯಿತು ಎಂದು ಹುಡುಕುವುದಕ್ಕೇ ನೀವು ಇಲ್ಲಿಗೆ ಬಂದಿದ್ದೀರಿ. ನಾನು ಅದನ್ನು ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ, ಪರೀಕ್ಷೆಯಲ್ಲಿ ಸರಿಯಾಗಿ ಒಪ್ಪಿಸಿದೆ.

ಪ್ರಮಾಣಪತ್ರಕ್ಕೆ ಮುಂಚೆ ಕೊನೆಯ ಒಂದು ಕೆಲಸ ಇತ್ತು. ನಮ್ಮ ನಮ್ಮ ಊರಿಗೆ ಹೋಗಿ, ನೋವಿರುವ ಒಂದು ಕುದುರೆಗೆ ಪಟ್ಟಿ ಹಚ್ಚಿ, ಮುಂಚಿನ ಮತ್ತು ನಂತರದ ಫೋಟೊ ಕಳಿಸಬೇಕು. ಫೋಟೊದಲ್ಲಿ ಕುದುರೆ ಬಿಟ್ಟು ಬೇರೇನೂ ಇರಕೂಡದು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಊರಿಗೆ ಬಂದವಳು ಕಂಡಕಂಡವರಿಗೆ ಪಟ್ಟಿ ಹಚ್ಚಿದೆ. ಕಾಂಪೌಂಡರ್ ಕಾಕಾನ ಮೊಣಕೈ, ಮನೆಯವರ ಮೊಣಕಾಲು, ಬಾಜು ಮನೆಯ ಎಮ್ಮೆಗರು, ಯಾವುದನ್ನೂ ಬಿಡಲಿಲ್ಲ. ಮದುವೆ ಕುದುರೆಯ ಮಾಲೀಕನನ್ನು ಕೇಳಿದರೆ ಆತ, "ಸೀಜನ್ ಐತ್ರಿ ಬಾಯಾರ. ಬಿಳಿ ಕುದರಿ ಮ್ಯಾಲ ನೀಲಿ ಪಟ್ಟಿ ಕಂಡ್ರ ಬೀಗ್ರು ಏನಂತಾರ?" ಎಂದು ಕೈಮುಗಿದ. ದಿನಗಳು ಹೋಗುತ್ತಿದ್ದವು. ನೋವಿರುವ ಕುದುರೆಯೊಂದು ಸಿಗಲಿ ಎಂದು ನಾನು ಬೇಡಿಕೊಳ್ಳತೊಡಗಿದ್ದೆ. ಡಾಕ್ಟರಾದವಳು ಎಂಥ ಬೇಡಿಕೆ ಬೇಡಿದೆ ನೋಡಿ.

ಆಗ ಬಂದಳು ಆಕೆ. ಬಿಳಿಜೋಳದ ರಾಶಿ ಮುಗಿದ ಕಾಲ. ಆ ಹೊತ್ತಿಗೆ ನಮ್ಮ ಯರಿ ಹೊಲಗಳು, ಅಂದರೆ ಕರಿ ಮಣ್ಣಿನ ಹೊಲಗಳು, ಖಾಲಿಯಾಗಿ ಕುರಿಗಾರರು ಬರುತ್ತಾರೆ. ಹೊಲದವರು ಕರೆದು ರಾತ್ರಿ ತಮ್ಮ ಹೊಲದಲ್ಲಿ ಕುರಿ ತರುಬಿಸಿ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರ ಹೊಲಕ್ಕೆ, ಕಾಳು ಕುರಿಗಾರರಿಗೆ. ನಾಲ್ಕಾರು ದಿನ ಒಂದು ಹೊಲ, ಆಮೇಲೆ ಮತ್ತೊಂದು. ಅವರ ಇಡೀ ಮನೆ ಒಂದು ತಟ್ಟು ಕುದುರೆಯ ಬೆನ್ನ ಮೇಲೆ ಹೋಗುತ್ತದೆ: ಗುಡಾರ, ಗೂಟ, ಪಾತ್ರೆ, ಕಾಳಿನ ಚೀಲ, ಬೀಸುಕಲ್ಲು, ಕೋಳಿಯ ಬುಟ್ಟಿ, ನಡೆಯಲಾರದ ಮರಿಗಳು. ಗಂಡ ಕುರಿಗಳ ಹಿಂದೆ, ಹೆಂಡತಿ ಕುದುರೆಯ ಮುಂದೆ. ಈಕೆಗೆ ಐವತ್ತೈದರ ಮೇಲಾಗಿರಬೇಕು. ಕುರಿಗೆ ಜಂತಿನ ಔಷಧ ಒಯ್ಯಲು ಬಂದವಳು, ಹೋಗುವಾಗ ಬಾಗಿಲಲ್ಲಿ ನಿಂತು ಅಂದಳು.

"ನಮ್ಮ ಕುದರಿ ಹೇರು ಹೊರಿಸುಮುಂದ ಬೆನ್ನು ತಗ್ಗಸತೈತ್ರಿ. ಮುಟ್ಟಿದ್ರ ಕಡೀಲಿಕ್ಕ ಬರ್ತೈತಿ. ಅದಕ್ಕೇನರ ಗುಳಿಗಿ ಐತೇನ್ರಿ?"

ನಾನು ಕುರ್ಚಿಯಿಂದ ಎದ್ದು ನಿಂತೆ. ನನಗೆ ಸಂತೋಷವಾಯಿತು. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೆ ಆದದ್ದು ಅದೇ.

ಅಂದು ಸಂಜೆಯೇ ಸ್ಕೂಟಿಯಲ್ಲಿ ಶಲವಡಿ ರಸ್ತೆಯ ಆ ಹೊಲಕ್ಕೆ ಹೋದೆ. ಕಂದು ಬಣ್ಣದ ಗಿಡ್ಡ ಹೆಣ್ಣು ಕುದುರೆ. ಒಂದು ಕಿವಿಯ ತುದಿ ಹರಿದಿತ್ತು, ಕಣ್ಣಲ್ಲಿ ಜಗಳಗಂಟಿಯ ಕಳೆ. ಬೆನ್ನುಮೂಳೆಯ ಎರಡೂ ಬದಿ ಬೆರಳು ಒತ್ತುತ್ತಾ ಹೋದೆ. ಎಡಗಡೆ ಒಂದು ಜಾಗಕ್ಕೆ ಬಂದಾಗ ಇಡೀ ಮೈ ನಡುಗಿ ಬೆನ್ನು ತಗ್ಗಿತು. ಭಾರದ ಬೀಸುಕಲ್ಲು ಯಾವಾಗಲೂ ಅದೇ ಬದಿಗೆ ಬೀಳುತ್ತಿತ್ತಂತೆ. ಪುಸ್ತಕದಲ್ಲಿದ್ದಂಥದೇ ನೋವು. ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ನೀಲಿ ಪಟ್ಟಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಪುಣೆಯಲ್ಲಿ ಕಲಿತಂತೆ ಎಳೆಯದೆ ಹಚ್ಚಿದೆ. ಹಚ್ಚಿದ್ದು ಚೆನ್ನಾಗಿತ್ತು. ಅದೊಂದನ್ನು ಈಗಲೂ ಹೇಳಬಲ್ಲೆ.

ಫೋಟೊ ತೆಗೆಯುವಾಗ ಆಕೆ ಕುದುರೆಯ ಕುತ್ತಿಗೆ ಹಿಡಿದು ನಿಂತಿದ್ದಳು, ಸೆರಗು ಸರಿಮಾಡಿಕೊಂಡು. ತನ್ನ ಫೋಟೊ ತೆಗೆಯುತ್ತಿದ್ದಾರೆ ಎಂದುಕೊಂಡಿರಬೇಕು.

"ನೀವು ಸ್ವಲ್ಪ ಬಾಜೂಕ ಸರೀರಿ," ಅಂದೆ. "ಬರೇ ಕುದರಿ ಬರಬೇಕು."

ಆಕೆ ಸರಿದಳು. ನಾನು ಪಟಪಟನೆ ಹೇಳಬೇಕಾದ್ದನ್ನು ಹೇಳಿದೆ. "ಗುರುವಾರ ನಾನ ಬಂದು ಬಿಚ್ಚತೀನಿ. ನಾ ಬಿಚ್ಚೂತನಕ ಬೆನ್ನಿನ ಮ್ಯಾಲ ಏನೂ ಹೇರಬ್ಯಾಡ್ರಿ."

"ಏನೂ?"

"ಒಂದ ಕೌದಿ ಸುದ್ದಾ ಹೇರಬ್ಯಾಡ್ರಿ."

ಆಕೆ ಸೊಂಟದ ಚೀಲದಿಂದ ಭಂಡಾರದ ಅರಿಶಿಣ ತೆಗೆದು ನನ್ನ ನೀಲಿ ಪಟ್ಟಿಯ ಮೇಲೆ ಚಿಟಿಕೆ ಹಚ್ಚಿದಳು. ಅಂಟು ಹಾಳಾದೀತು ಎಂದು ನನಗೆ ಸಿಟ್ಟು ಬಂತು, ನುಂಗಿಕೊಂಡೆ. ಸ್ಕೂಟಿ ಹತ್ತುವಾಗ ಆಕೆ ಕೇಳಿದಳು.

"ಬರ್ತೀರಲ್ರಿ?"

"ಬರ್ತೀನ್ರಿ."

ಗುರುವಾರ ಅಡ್ಡಮಳೆ ಹೊಡೆಯಿತು. ನಮ್ಮ ಯರಿ ಮಣ್ಣಿನ ಗುಣ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಚಪ್ಪಲಿ ಸಹ ಕಾಲಲ್ಲಿ ಉಳಿಯುವುದಿಲ್ಲ, ಸ್ಕೂಟಿಯ ಗಾಲಿ ತಿರುಗುವುದಿಲ್ಲ. ನಾಳೆ ಹೋಗೋಣ ಅಂದುಕೊಂಡೆ. ಮಳೆ ಒಂದು ದಿನ ಇತ್ತು, ಕೆಸರು ಎರಡು ಮೂರು ದಿನ. ಆಮೇಲಿನದಕ್ಕೆ ನೆಪ ಇಲ್ಲ. ದವಾಖಾನೆಯ ಕೆಲಸ, ಮನೆಯ ಕೆಲಸ, ತಂಗಿಯ ಮಗಳ ನಿಶ್ಚಿತಾರ್ಥ. ಆ ಪಟ್ಟಿ ಐದಾರು ದಿನಕ್ಕೆ ತಾನೇ ಬಿಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಅವರೇ ಕಿತ್ತುಹಾಕುತ್ತಾರೆ ಎಂದು ಒಂದು ಸಲ ಅಂದುಕೊಂಡೆ. ಆಮೇಲೆ ಅದನ್ನೂ ಅಂದುಕೊಳ್ಳಲಿಲ್ಲ.

ಬೇರೆ ಊರಿನಿಂದ ವರ್ಗವಾಗಿ ಬಂದ ಡಾಕ್ಟರಾಗಿದ್ದರೆ ಒಂದು ಮಾತು. ನಾನು ಇದೇ ಮಣ್ಣಿನವಳು. ನಾನು ಸಣ್ಣವಳಿದ್ದಾಗ ಬಿಟ್ಟುಬಿಟ್ಟು ಜ್ವರ ಬರುತ್ತಿತ್ತೆಂದು ದಾದಿ, ಅಂದರೆ ಅಪ್ಪನ ಅವ್ವ, ನನ್ನನ್ನು ದರ್ಗಾದ ಅಜ್ಜನೊಬ್ಬರ ಹತ್ತಿರ ಒಯ್ದು ತೋಳಿಗೆ ತಾಯತ ಕಟ್ಟಿಸಿದ್ದಳು. ಜ್ವರ ಹೋಯಿತು. ತಾಯತ ಬಿಚ್ಚಬೇಕೆಂದರೆ ಅಜ್ಜ ಮಗಳ ಊರಿಗೆ ಹೋದವರು ಬೇಗ ಬರಲಿಲ್ಲ. ದಾರ ಕೊಳೆತು ನಾರುತ್ತಿತ್ತು, ಕೆಳಗೆ ಚರ್ಮ ಬೆಳ್ಳಗಾಗಿ ತುರಿಸುತ್ತಿತ್ತು. ಕತ್ತರಿ ಹಿಡಿದು ಹೋದರೆ ದಾದಿ ಕೈ ಹಿಡಿದು, ಕಟ್ಟಿದ ಕೈಯೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಹೋದ ಬೇನೆ ತಿರುಗಿ ಬರುತ್ತದೆ ಅನ್ನುತ್ತಿದ್ದಳು. ಆ ಅಜ್ಜ ಬರುವವರೆಗೆ ನಾನು ಒಂದು ಇಡೀ ಬೇಸಿಗೆ ಕಾದಿದ್ದೇನೆ. ನಮ್ಮ ಕಡೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರ ಮನೆಯಲ್ಲೂ ಈ ಮಾತು ಇದೆ. ಹಾಗಿದ್ದೂ, ಬೇನೆಯ ಜಾಗಕ್ಕೆ ಪಟ್ಟಿ ಕಟ್ಟಿ, ನಾನೇ ಬಂದು ಬಿಚ್ಚುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಬಂದವಳಿಗೆ ಅದು ಹೊಳೆಯಲಿಲ್ಲ.

ತಿಂಗಳು ದಾಟಿತು. ಪುಣೆಯಿಂದ ಸಂದೇಶ ಬಂತು: ನಂತರದ ಫೋಟೊ ಎಲ್ಲಿ? ಆಗ ನೆನಪಾಯಿತು ನನಗೆ. ಕುದುರೆಯ ಬೆನ್ನು ಏನಾಯಿತೋ ಎಂದು ಎದ್ದು ಓಡಿದವಳಲ್ಲ ನಾನು, ಫೋಟೊಗಾಗಿ ಓಡಿದವಳು.

ಹೊಲದಲ್ಲಿ ನೇಗಿಲು ಹೊಡೆದಾಗಿತ್ತು. ಹೊಲದ ಮಾಲೀಕ ತೋಟದ ಶೆಡ್ಡಿನ ಮುಂದೆ ಕುಳಿತಿದ್ದ. ಕುರಿಗಾರರು ಎಲ್ಲಿ ಎಂದು ಕೇಳಿದೆ.

"ಅವ್ರು ಹೋಗಿ ಭಾಳ ದಿನ ಆತ್ರಿ," ಅಂದ. "ನಿಮ್ಮ ದಾರೀನ ನೋಡಕೋತ ಕುಂತಿದ್ರು. ಬಾಯಾರು ಬರ್ತಾರ, ಬಾಯಾರು ಬರ್ತಾರ ಅಂತ ಆಕಿ. ಕಡೀಕ ನಾನ ಜಗಳಾ ತಗದ್ನಿ. ನನಗ ಹೊಲಾ ಹರಗೂದಿತ್ತು."

ಶೆಡ್ಡಿನ ಮೂಲೆಯಲ್ಲಿ ಒಂದು ಬೀಸುಕಲ್ಲು, ಒಂದು ತಾಮ್ರದ ಹಂಡೆ, ಕಬ್ಬಿಣದ ಗೂಟಗಳ ಕಟ್ಟು ಇದ್ದವು. ಅವು ಯಾರವು ಅಂದೆ.

"ಅವರವ. ತಿರಗಿ ಬಂದು ಒಯ್ತೀವಿ ಅಂದಾರ. ಕುದರಿ ಮ್ಯಾಲ ಹೇರಂಗಿಲ್ಲಂತಲ್ರಿ. ನೀವ ಹೇಳೀರೆಂತ."

ಮುಂದಿನ ಹಳ್ಳಿಯಲ್ಲಾದರೂ ಹೇರಿರುತ್ತಾರೆ, ಅವರೇನು ದಡ್ಡರೇ ಎಂದು ನನಗೆ ನಾನೇ ಹೇಳಿಕೊಂಡೆ. ಹೊಲದವನ ಹತ್ತಿರ ಅವರ ಫೋನ್ ನಂಬರ್ ಇತ್ತು. ಅವನೇ ಮಾತಾಡಿ, ಈಗ ಕಲಘಟಗಿ ಕಡೆ ಬಮ್ಮಿಗಟ್ಟಿ ಹತ್ತಿರ ಇದ್ದಾರೆ ಎಂದು ತಿಳಿದು ಹೇಳಿದ. ಅಣ್ಣಿಗೇರಿಯಿಂದ ಬಮ್ಮಿಗಟ್ಟಿ ಅಂದರೆ ಹುಬ್ಬಳ್ಳಿ ದಾಟಿ ಆ ಕಡೆ, ನಮ್ಮ ಕರಿ ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗಿ, ಗಿಡಗಳು ಹತ್ತಿರ ಹತ್ತಿರ ಆಗುವ ಸೀಮೆ. ಕಾರಿನಲ್ಲಿ ಹೋದರೂ ಸೊಂಟ ಹಿಡಿಯುವಷ್ಟು ದೂರ.

ಆದಿತ್ಯವಾರ ಹೋದೆ. ಊರ ಹೊರಗೆ ಮೊದಲು ಕಂಡದ್ದು ಕುದುರೆ. ದುಂಡಗಾಗಿತ್ತು, ಕೂದಲು ಮಿನುಗುತ್ತಿತ್ತು, ಬರಿಯ ಬೆನ್ನಿನಲ್ಲಿ ಮದುವಣಗಿತ್ತಿಯ ಹಾಗೆ ನಡೆದು ಬರುತ್ತಿತ್ತು. ಹೊಟ್ಟೆಯ ಸುತ್ತ ಹಳೇ ಸೀರೆಯ ಅಂಚು ಕಟ್ಟಿದ್ದರು. ಅದರ ಕೆಳಗಿನಿಂದ ಬಣ್ಣಗೆಟ್ಟ ನೀಲಿ ಪಟ್ಟಿ ಇಣುಕುತ್ತಿತ್ತು. ಪಟ್ಟಿ ತಾನಾಗಿ ಬಿಟ್ಟುಕೊಳ್ಳತೊಡಗಿದಾಗ ಬಿದ್ದುಹೋಗದಿರಲೆಂದು ಕಟ್ಟಿದ್ದು.

ಕುದುರೆಯ ಮುಂದೆ ಆಕೆ ನಡೆಯುತ್ತಿದ್ದಳು. ತಲೆಯ ಮೇಲೆ ಗುಡಾರದ ಗಂಟು, ಅದರ ಮೇಲೆ ಪಾತ್ರೆಯ ಚೀಲ, ಸೊಂಟದಲ್ಲಿ ಕೋಳಿಬುಟ್ಟಿ. ಒಂದು ಹೊಲದಿಂದ ಇನ್ನೊಂದಕ್ಕೆ ಬಿಡಾರ ಹೊರಟಿತ್ತು. ಹಿಂದೆ ಗಂಡ ಎರಡು ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು, ಕಾಳಿನ ಚೀಲ ಹೆಗಲ ಮೇಲಿಟ್ಟುಕೊಂಡು ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದ. ನಾನು ಕಾರು ನಿಲ್ಲಿಸಿ ಬದಿಯಿಂದ ಕೂಗಿದೆ. ಕುದುರೆ ಕುತ್ತಿಗೆ ತಿರುಗಿಸಿ ನೋಡಿತು. ಆಕೆ ಕುತ್ತಿಗೆ ತಿರುಗಿಸಲಿಲ್ಲ; ಗಂಟು ಇಳಿಸಿದ ಮೇಲೂ ತಿರುಗಿಸಲಿಲ್ಲ. ಪಾದದಿಂದ ತಲೆಯವರೆಗೆ ಇಡೀ ಮೈಯನ್ನು ನನ್ನ ಕಡೆ ತಿರುಗಿಸಿ ನಿಂತಳು.

"ಬಂದ್ರಿ?" ಅಂದಳು, ನಕ್ಕು. "ನಾ ಹೇಳಿದ್ನಿಲ್ಲ ಇವರಿಗೆ? ಬಾಯಾರು ಬರ್ತಾರ ಅಂತ."

ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಆಕೆ ನನಗೆ ಆ ಅನುಕೂಲ ಮಾಡಿಕೊಡಲಿಲ್ಲ.

"ನೀವ ಬಿಚ್ಚಿ ಒಗೀಬೇಕಿತ್ತಲ್ರಿ," ಅಂದೆ. ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಗೊತ್ತಿಲ್ಲ. "ಹಿಂಗ ಹೊತ್ಕೊಂಡು ಅಣ್ಣಿಗೇರಿಯಿಂದ ಇಲ್ಲೀತನಕ?"

"ನೀವು ಕಟ್ಟಿದ್ದು ನಾವು ಹ್ಯಾಂಗ ಬಿಚ್ಚೂದ್ರಿ?"

ಗಂಡ ಮರಿಗಳನ್ನು ಇಳಿಸುತ್ತಾ ಅಂದ: "ನಾ ಅಂದ್ನಿರಿ, ಇನ್ನ ಸಾಕು, ಹೇರೂಣು ಅಂತ. ಈಕಿ ಕೇಳಬೇಕಲ್ಲ. ಹುಬ್ಬಳ್ಳಿ ಪ್ಯಾಟಿ ದಾಟೂತನಕ ಅಷ್ಟ ಟಂಟಂ ರಿಕ್ಷಾದಾಗ ಹಾಕಿದ್ವಿ. ಉಳಿದಿದ್ದೆಲ್ಲಾ ಈಕೀ ತಲಿ ಮ್ಯಾಲ."

"ನಿನ್ನ ತಲಿ ಮ್ಯಾಲ ಇಡತಿದ್ನಿ, ಅಲ್ಲಿ ರುಂಬಾಲಕ್ಕ ಜಾಗಾ ಸಾಲೂದಿಲ್ಲ," ಅಂದಳು ಆಕೆ. ಗಂಡ ತಲೆಯ ರುಮಾಲು ಮುಟ್ಟಿಕೊಂಡು ನಕ್ಕ. ನನಗೆ ನಗಲು ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಊರೆಲ್ಲ ನಗುತ್ತೇವೆ. ಕುದುರೆಯ ಬೆನ್ನುನೋವಿಗೆ ನಾನು ಈ ಹೆಂಗಸಿನ ಕುತ್ತಿಗೆಗೆ ಬರೆ ಎಳೆದಿದ್ದೆ. ಭಾರ ಎಲ್ಲಿಗೆ ಹೋಯಿತು ಹುಡುಕಿ ಎಂದು ಪುಣೆಯಲ್ಲಿ ಬಡಿದು ಬಡಿದು ಕಲಿಸಿದ್ದರು. ನಾನು ಅದನ್ನು ಕುದುರೆಯ ಮೈಯೊಳಗೇ ಹುಡುಕಿದ್ದೆ.

ಸೀರೆಯಂಚು ಬಿಚ್ಚಿ, ಎಣ್ಣೆ ಹಚ್ಚಿ, ಪಟ್ಟಿಯನ್ನು ಕೂದಲಿನ ದಿಕ್ಕಿಗೇ ಮೆಲ್ಲಗೆ ತೆಗೆದೆ. ಅಡಿಯಲ್ಲಿ ಕೂದಲು ಜಡೆಗಟ್ಟಿತ್ತು, ಒಂದು ಮೂಲೆಯಲ್ಲಿ ಸಣ್ಣ ಹುಣ್ಣು. ಅದಕ್ಕೆ ಔಷಧ ಹಚ್ಚಿದೆ. ಬೆನ್ನಿನುದ್ದಕ್ಕೂ ಬೆರಳು ಒತ್ತಿದೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕುದುರೆ ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿತ್ತು. ನೋವಿನ ಸುಳಿವೂ ಇರಲಿಲ್ಲ.

ಆಗ ನನ್ನ ಕೈ ತಾನಾಗಿ ಪರ್ಸಿನೊಳಗೆ ಹೋಗಿ ಫೋನು ತೆಗೆಯಿತು. ಇಷ್ಟೆಲ್ಲ ಕಂಡ ಮೇಲೂ ತೆಗೆಯಿತು. ಫೋನು ನೋಡಿದ್ದೇ ಆಕೆ ಕುದುರೆಯ ಕುತ್ತಿಗೆ ಬಿಟ್ಟು ಹಿಂದಕ್ಕೆ ಹೆಜ್ಜೆಯಿಟ್ಟಳು.

"ತಡೀರಿ, ನಾ ಬಾಜೂಕ ಸರೀತೀನಿ," ಅಂದಳು. "ಬರೇ ಕುದರಿ ಬರಬೇಕಲ್ರಿ."

ತಡೀರಿ ಎಂದು ಆಕೆಯನ್ನೂ ಕುದುರೆಯ ಜೊತೆ ನಿಲ್ಲಿಸಿ ಒಂದು ಫೋಟೊ ತೆಗೆದೆ. ಆಮೇಲೆ ಕುದುರೆಯದೊಂದೇ ತೆಗೆದೆ. ಎರಡನ್ನೂ ತೆಗೆದೆ ಎಂಬುದು ನಿಜ. ಪುಣೆಗೆ ಹೋದದ್ದು ಎರಡನೆಯದು.

ನೆಲದ ಮೇಲೆ ಕುಳಿತು ಆಕೆಗೆ, ಪುಣೆಗೆ ಹೋಗಿ ಕಲಿತದ್ದನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಪಟ್ಟಿಯಿಂದ ಆರಾಮಾಗಿದ್ದಲ್ಲ. ಪಟ್ಟಿಯ ಕಸುವು ಐದು ದಿನಕ್ಕೇ ಮುಗಿದಿತ್ತು. ಬೆನ್ನಿಗೆ ಬಿಡುವು ಸಿಕ್ಕಿದ್ದಕ್ಕೆ ಗುಣವಾಗಿದೆ, ಆ ಬಿಡುವು ಕೊಟ್ಟವರು ನೀವು. ನಾನು ಬರುತ್ತೇನೆಂದು ಬರಲಿಲ್ಲ, ಅದು ನನ್ನ ತಪ್ಪು. ಆಕೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಎಲ್ಲವನ್ನೂ ಕೇಳಿದಳು. ನಾನು ಸಂಕೋಚಕ್ಕೆ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡಳೆಂದು ಕಾಣುತ್ತದೆ.

"ಇರ್ಲಿ ಬಿಡ್ರಿ," ಅಂದಳು. "ಬರೇ ಹೊತ್ತು ನಡದ್ರ ಕುದರಿ ಆರಾಮ ಆಗೂದಿದ್ರ ನೀವ್ಯಾಕ ಕಲೀಲಿಕ್ಕ ಪುಣೇಕ ಹೋಗತಿದ್ರಿ? ಅದನ್ನ ಬಿಡ್ರಿ. ಆ ಪಟ್ಟಿ ಇನ್ನೊಂದೀಟು ಐತೇನ್ರಿ? ನನ್ನ ಕುತಗಿ ಭಾಳ ಹಿಡಕೊಂಡೈತಿ."

ನಾನು ದನದ ಡಾಕ್ಟರ್, ಮನುಷ್ಯರಿಗೆ ಹಚ್ಚುವವಳಲ್ಲ ಅಂದೆ. ಕಾರಿದೆ, ಕಲಘಟಗಿ ದವಾಖಾನೆಗೆ ಹೋಗೂಣು ನಡೀರಿ, ಈಗಲೇ ತೋರಿಸಿಕೊಂಡು ಬರೋಣ ಅಂದೆ. ಇವತ್ತು ಮರಿ ಹಾಕುವ ಕುರಿಗಳಿವೆ, ಬಿಟ್ಟು ಬರಲಾಗದು ಅಂದಳು. ಮತ್ತೆ ಮತ್ತೆ ಕರೆದೆ. ಪ್ರತಿ ಸಲವೂ ಒಂದು ಕುರಿ ತೋರಿಸಿದಳು.

"ಕುದರಿಗೆ ಹತ್ತಿದ್ದು ನನಗ ಹತ್ತೂದಿಲ್ಲೇನ್ರಿ?" ಅಂದಳು ಕಡೆಗೆ.

ಪಟ್ಟಿಯ ಸುರುಳಿ ನನ್ನ ಪರ್ಸಿನಲ್ಲೇ ಇತ್ತು, ಕದ್ದ ಮಾಲಿನ ಹಾಗೆ. ಆಕೆಯ ಕೂದಲನ್ನು ಮೇಲಕ್ಕೆ ಕಟ್ಟಿ, ಕುತ್ತಿಗೆಯ ಹಿಂಬದಿ ಒರೆಸಿದೆ. ಚರ್ಮದ ಕೆಳಗೆ ಸ್ನಾಯು ಹಗ್ಗದ ಗಂಟಿನ ಹಾಗೆ ಬಿಗಿದಿತ್ತು. ಬೆರಳು ಒತ್ತಿದಾಗ ಆಕೆಯ ಬೆನ್ನು ತಗ್ಗಿತು. ಆ ತಗ್ಗುವುದನ್ನು ನಾನು ಮೊದಲೊಮ್ಮೆ ಶಲವಡಿ ರಸ್ತೆಯ ಹೊಲದಲ್ಲಿ ನೋಡಿದ್ದೆ, ನೋಡಿ ಖುಷಿಪಟ್ಟಿದ್ದೆ. ಪಟ್ಟಿಯನ್ನು ಎಳೆಯದೆ ಹಚ್ಚಿದೆ. ಇನ್ನು ಮೇಲೆ ಕುದುರೆಯ ಮೇಲೆ ಹೇರಬಹುದು, ಹೇರಲೇಬೇಕು, ಎರಡೂ ಬದಿ ಸಮ ಇರಲಿ, ನಿಮ್ಮ ತಲೆಯ ಮೇಲೆ ಒಂದು ಚೊಂಬು ಸಹ ಇಡಕೂಡದು ಎಂದು ಗಂಡನ ಎದುರಿಗೇ ಹೇಳಿದೆ.

"ಇದನ್ನ ಯಾವಾಗ ಬಿಚ್ಚೂದ್ರಿ?" ಅಂದಳು.

ನೀವೇ ತೆಗೆಯಬಹುದು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಅಂದರೂ ಆಕೆ ತೆಗೆಯುವವಳಲ್ಲ.

"ಗುರುವಾರ," ಅಂದೆ.

"ಬರ್ತೀರಲ್ರಿ?"

ಅದೇ ಮಾತು, ಅದೇ ಧ್ವನಿ, ಒಂದಿಷ್ಟೂ ಅನುಮಾನ ಬೆರೆಸದೆ.

ಪುಣೆಗೆ ಫೋಟೊ ಕಳಿಸುವಾಗ ನಡೆದದ್ದನ್ನೆಲ್ಲ ಬರೆದೆ. ಪಟ್ಟಿ ವಾರಗಟ್ಟಲೆ ಹಾಗೇ ಇತ್ತು, ನಾನು ಹೋಗಲಿಲ್ಲ, ಅಷ್ಟೂ ದಿನ ಕುದುರೆಯ ಭಾರವನ್ನು ಅದರ ಒಡತಿ ಹೊತ್ತಳು, ಆಕೆಯ ಕುತ್ತಿಗೆ ತಿರುಗುತ್ತಿಲ್ಲ, ಇದನ್ನು ನನ್ನ ಪಾಸಿಗೆ ಲೆಕ್ಕ ಹಿಡಿಯಬೇಡಿ. ಬೈಗುಳ ಬರಲಿ ಎಂದು ಕಾದೆ. ಕೈಯ ಮೇಲೆ ಫಟ್ಟನೆ ಹೊಡೆಯುವ ಹೆಂಗಸಲ್ಲವೇ. ಉತ್ತರ ಎರಡೇ ಸಾಲಿನದು. ಪಟ್ಟಿಯನ್ನು ಅಷ್ಟು ದಿನ ಬಿಟ್ಟದ್ದು ತಪ್ಪು, ಮುಂದೆ ಹಾಗಾಗದಿರಲಿ. ಬೆನ್ನು ಪೂರ್ತಿ ಗುಣವಾಗಿದೆ, ಮಾಲೀಕರ ಸಹಕಾರ ಅತ್ಯುತ್ತಮ.

ಗುರುವಾರ ಮುಂಜಾನೆ ಬೆಳಕು ಹರಿಯುವ ಮುಂಚೆಯೇ ಮನೆ ಬಿಟ್ಟೆ. ದಾರಿಯುದ್ದಕ್ಕೂ ಆಕಾಶ ನೋಡುತ್ತಿದ್ದೆ, ಮೋಡ ಕಂಡರೆ ಕಾರನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದೆ. ಹೋಗಿ ನೋಡಿದರೆ ಗುಡಾರ ಕಿತ್ತು, ಗಂಟು ಕಟ್ಟಿ, ಎಲ್ಲವನ್ನೂ ಕುದುರೆಯ ಮೇಲೆ ಹೇರಿ ನಿಲ್ಲಿಸಿದ್ದರು. ಎಡಕ್ಕೊಂದು ಚೀಲ, ಬಲಕ್ಕೊಂದು ಚೀಲ, ತೂಗಿದ ಹಾಗೆ ಸಮ. ಮಂಗಳವಾರವೇ ಹೊರಡಬೇಕಿತ್ತು, ನಿಮಗಾಗಿ ನಿಂತೆವು ಎಂದು ಗಂಡ ಹೇಳಿದ. ಆಕೆ ತಲೆಗೆ ನೀರು ಹಾಕಿಕೊಂಡಿರಲಿಲ್ಲ. ಪಟ್ಟಿಯ ಮೇಲೆ ಬಿಸಿಲು, ಧೂಳು ಬೀಳದಿರಲೆಂದು ಟವೆಲ್ ಸುತ್ತಿಕೊಂಡಿದ್ದಳು. ನೀಲಿ ಪಟ್ಟಿಯ ಮೇಲೆ ಭಂಡಾರದ ಹಳದಿ ಇತ್ತು.

ಎಣ್ಣೆ ಹಚ್ಚಿ, ಮೆಲ್ಲಗೆ, ತುದಿಯಿಂದ ತುದಿಗೆ ಬಿಡಿಸಿದೆ. ನೋವು ಹೇಗಿದೆ ಎಂದು ನಾನು ಕೇಳುವ ಮೊದಲೇ ಆಕೆಯೇ ಹೇಳಿದಳು.

"ಅಗದಿ ಆರಾಮ ಆತ್ರಿ ಬಾಯಾರ. ನಿಮ್ಮ ಕೈಗುಣ ಚಲೋ ಐತಿ. ನಮ್ಮಂದೀಗೆಲ್ಲಾ ಹೇಳತೀನಿ."

ನನ್ನ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. ಡಬ್ಬಿಯಲ್ಲಿ ತಂದಿದ್ದ ಸಜ್ಜಕದ ಹೋಳಿಗೆ ಕೊಟ್ಟೆ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ಗಂಡ ಸಿಳ್ಳು ಹಾಕಿದ, ಕುರಿಗಳು ಎದ್ದವು. ಆಕೆ ಕುದುರೆಯ ಹಗ್ಗ ಹಿಡಿದು ಮುಂದೆ ನಡೆದಳು. ಭಾರದ ಕೆಳಗೆ ಕುದುರೆಯ ಬೆನ್ನು ಗಟ್ಟಿಯಾಗಿ ನೆಟ್ಟಗಿತ್ತು. ಆಕೆಯ ಒಂದು ಕೈ ಮಾತ್ರ ಆಗಾಗ ಮೇಲೆದ್ದು, ತಲೆಯ ಮೇಲೆ ಇಲ್ಲದ ಗಂಟನ್ನು ಹಿಡಿಯಲು ಹೋಗಿ ಕೆಳಗಿಳಿಯುತ್ತಿತ್ತು.

ಅಣ್ಣಿಗೇರಿಯ ಶೆಡ್ಡಿನಲ್ಲಿರುವ ಹಂಡೆ, ಬೀಸುಕಲ್ಲನ್ನು ನಾನೇ ಕಾರಿನಲ್ಲಿ ತಂದು ಕೊಡುತ್ತೇನೆಂದು ಹೇಳುವುದು ಮರೆತಿತ್ತು. ಹಿಂದಿನಿಂದ ಜೋರಾಗಿ ಕೂಗಿದೆ. ಕುದುರೆ ಕುತ್ತಿಗೆ ಹೊರಳಿಸಿ ನನ್ನತ್ತ ನೋಡಿತು. ಆಕೆ ನಿಂತಳು, ಹಗ್ಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು, ಮೊದಲು ಒಂದು ಪಾದ, ಆಮೇಲೆ ಇನ್ನೊಂದು ಪಾದ ಎತ್ತಿಟ್ಟು ಇಡೀ ಮೈಯನ್ನು ನನ್ನ ಕಡೆ ತಿರುಗಿಸಿದಳು.

"ಏನ್ರಿ ಬಾಯಾರ?" ಅಂದಳು, ನಗುತ್ತಾ.